ಖಾಲಿ ಬಿಡಬೇಕಾದ ಹದಿನೈದು ಅಡಿ

ಮಿಲ್ಲು ಕಟ್ಟಿ ನೋಡು, ಜಾಗ ಬಿಟ್ಟು ನೋಡು. ಹಿರಿಯರು ಹೇಳಿದ್ದು ಹೀಗಲ್ಲ, ಗೊತ್ತು. ಅವರು ಹೇಳಿದ್ದು ಮನೆ, ಮದುವೆಯ ಮಾತು. ಅವರ ಕಾಲದಲ್ಲಿ ಕಾರ್ಖಾನೆ ಇಲಾಖೆ ಇದ್ದಿದ್ದರೆ ಗಾದೆಯನ್ನು ಅವರೇ ತಿದ್ದಿಕೊಳ್ಳುತ್ತಿದ್ದರು. ನನ್ನ ಬಾಯಿಂದ ಬಂದದ್ದನ್ನು ಕಡೂರಿನವರು ಅರ್ಧ ಕಳೆದು ನಂಬುವುದು ವಾಡಿಕೆ. ಇದೊಂದನ್ನು ಕಳೆಯದೆ ನಂಬಬೇಕು. ನಡೆದದ್ದು ಹೀಗೆಯೇ. ಬೇಕಾದರೆ ಅಜ್ಜಂಪುರಕ್ಕೆ ಹೋಗಿ ನೋಡಿ, ಆ ಜಾಗ ಈಗಲೂ ಇದೆ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಏನೂ ಇರಬಾರದು ಎಂಬುದೇ ಇದರ ಕಥೆ.

ನಾನು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ಬಂದು, ಕಡೂರು ಬಸ್ ಸ್ಟ್ಯಾಂಡಿನ ಎದುರು ಒಂದು ದೋಸೆ ಹೋಟೆಲಿನ ಮಹಡಿಯ ಮೇಲೆ ಡ್ರಾಯಿಂಗ್ ಬೋರ್ಡು ಹಾಕಿಕೊಂಡಿದ್ದೆ. ಅಕ್ಕಿ ಗಿರಣಿ, ಎಣ್ಣೆ ಮಿಲ್ಲು, ಕೊಬ್ಬರಿ ಗೋಡೌನು, ಇವುಗಳ ನಕ್ಷೆ ಬರೆದುಕೊಡುವುದು ಕಸುಬು. ಕೈಗಿಂತ ಗಂಟಲು ಚುರುಕು. ಅಮಲ್ದಾರರ ಕೆಮ್ಮು, ತರೀಕೆರೆ ಬಸ್ಸಿನ ಕಂಡಕ್ಟರನ ಕೂಗು, ಯಾರ ದನಿ ಕೇಳಿದರೂ ಎರಡು ದಿನದಲ್ಲಿ ನನ್ನ ಗಂಟಲಿಗೆ ಇಳಿಯುತ್ತಿತ್ತು. ಅವುಗಳಲ್ಲಿ ಹೆಚ್ಚು ಬೇಡಿಕೆಯಿದ್ದದ್ದು ಕಾರ್ಖಾನೆ ಇನ್‌ಸ್ಪೆಕ್ಟರ್ ಕೃಷ್ಣಸ್ವಾಮಿಯವರ ದನಿಗೆ.

ಕೃಷ್ಣಸ್ವಾಮಿಯವರು ಶಿವಮೊಗ್ಗದಿಂದ ಬರುತ್ತಿದ್ದರು. ಸಣಕಲು ಆಳು, ಬೇಸಿಗೆಯಲ್ಲೂ ಕೈಯಲ್ಲೊಂದು ಕೊಡೆ. ಯಾವ ಮಿಲ್ಲಿಗೆ ಹೋದರೂ ಬಾಗಿಲಲ್ಲಿ ನಿಂತು ಮೂರೇ ಪ್ರಶ್ನೆ. "ಗಾಳಿ ಎಲ್ಲಿಂದ ಬರತ್ತೆ ಸ್ವಾಮೀ? ಬೆಳಕು ಎಲ್ಲಿಂದ ಬರತ್ತೆ ಸ್ವಾಮೀ? ಆಪತ್ತು ಬಂದರೆ ಜನ ಎಲ್ಲಿಗೆ ಹೋಗ್ತಾರೆ ಸ್ವಾಮೀ?" ಒಂದೊಂದು 'ಸ್ವಾಮೀ'ಗೂ ದನಿ ಒಂದೊಂದು ಮೆಟ್ಟಿಲು ಇಳಿದು, ಮೂರನೆಯದು ಬಾವಿಯ ತಳದಿಂದ ಬಂದಹಾಗೆ ಕೇಳುತ್ತಿತ್ತು. ಕಾಫಿ ಕೊಟ್ಟರೆ ಕುಡಿಯುತ್ತಿರಲಿಲ್ಲ. ನಿಯಮಕ್ಕೆ ಒಂದು ಇಂಚು ಕಡಮೆ ಇದ್ದರೆ ಬಿಡುತ್ತಿರಲಿಲ್ಲ. ಅದಕ್ಕೇ ಜನ ಅವರಿಗೆ ಹೆದರುತ್ತಿದ್ದರು, ಅವರ ಬೆನ್ನ ಹಿಂದೆ ನನ್ನ ಕೈಲಿ ಅವರ ದನಿ ಆಡಿಸಿ ನಗುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಅಜ್ಜಂಪುರದ ಜಯದೇವಪ್ಪನವರು ನನ್ನ ಮಹಡಿ ಹತ್ತಿದರು. ಹತ್ತಿ ಬಂದದ್ದೂ ಹತ್ತಿಗಾಗಿಯೇ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಕಟ್ಟಬೇಕು, ಬುಕ್ಕಾಂಬುಧಿ ರಸ್ತೆಯಲ್ಲಿ ಜಾಗ ತೆಗೆದುಕೊಂಡಾಗಿದೆ ಎಂದರು. ಐವತ್ತು ದಾಟಿದ, ದಪ್ಪ ಮೀಸೆಯ ಮನುಷ್ಯ. ಹಣೆಯ ವಿಭೂತಿ ಸಂಜೆಯವರೆಗೂ ಬಿರುಕು ಬಿಡುತ್ತಿರಲಿಲ್ಲ, ಏಕೆಂದರೆ ಆ ಮುಖ ನಗುತ್ತಿರಲಿಲ್ಲ.

ನಾನು ನಿಯಮ ಒಂದೊಂದೇ ಹೇಳಿದೆ. ಅವರು ಒಂದೊಂದಕ್ಕೂ ಅಡ್ಡ ಬಂದರು.

"ಬಾಗ್ಲು ಹೊರಕ್ ತೆಗೀಬೇಕಾ? ಒಳಕ್ ತೆಗೆದ್ರೆ ಲಕ್ಷ್ಮಿ ಒಳಕ್ ಬತ್ತಾಳೆ. ಹೊರಕ್ ತಳ್ಳಿದ್ರೆ?"

"ಹತ್ತಿಗೆ ಬೆಂಕಿ ಬಿದ್ರೆ ಲಕ್ಷ್ಮೀನೂ ಹೊರಕ್ಕೇ ಓಡ್ಬೇಕು ಯಜಮಾನ್ರೇ. ಒಳಗಿರೋ ಹೆಣ್ಮಕ್ಕಳು ಒಟ್ಟಿಗೆ ಬಾಗಿಲಿಗೆ ನುಗ್ಗಿದ್ರೆ, ಒಳಕ್ ತೆಗೆಯೋ ಬಾಗಿಲು ತೆಗೆಯೋದೇ ಇಲ್ಲ."

ಅದಕ್ಕೆ ಒಪ್ಪಿದರು. ಕಿಟಕಿಗೆ, ಮೇಲಿನ ವೆಂಟಿಲೇಟರಿಗೆ, ಎತ್ತರಕ್ಕೆ ಗೊಣಗುತ್ತ ಒಪ್ಪಿದರು. ಒಪ್ಪದೆ ಕೂತದ್ದು ಒಂದಕ್ಕೆ. ಕಟ್ಟಡದ ನಾಲ್ಕೂ ಕಡೆ ಹದಿನೈದು ಅಡಿ ಖಾಲಿ ಬಿಡಬೇಕು, ಅಲ್ಲಿ ಎಂದೆಂದಿಗೂ ಏನನ್ನೂ ಕಟ್ಟಕೂಡದು, ಬೆಂಕಿ ಬಿದ್ದರೆ ಅಗ್ನಿಶಾಮಕದ ಲಾರಿ ಸುತ್ತ ಓಡಾಡಲು ದಾರಿ ಇರಬೇಕು. ನಕ್ಷೆಯ ಮೇಲೆ ಅದಕ್ಕೆ 'ಸೆಟ್‌ಬ್ಯಾಕ್' ಎಂದು ಬರೆಯುತ್ತೇವೆ. ಇಂಗ್ಲಿಷಿನವರು ಬದುಕಿನ ಹೊಡೆತಕ್ಕೂ ಅದೇ ಹೆಸರು ಕೊಟ್ಟಿದ್ದಾರೆ.

"ನನ್ ಜಾಗ, ನನ್ ಕಲ್ಲು. ಸರ್ಕಾರದ ಲಾರಿಗ್ಯಾಕಪ್ಪ ಅಂಗಳ ಬಿಡ್ಲಿ? ಆ ಲಾರಿ ಶಿವಮೊಗ್ಗದಿಂದ ಬರೋವಷ್ಟ್ರಲ್ಲಿ ಬೂದಿನೂ ಆರಿರತ್ತೆ."

ನಕ್ಷೆಗೆ ರುಜು ಹಾಕಿದರು, ಆದರೆ ಮನಸ್ಸಿಗೆ ಹಾಕಲಿಲ್ಲ. ಮಾಘದಲ್ಲಿ ಗೋಡೆ ಆಳೆತ್ತರ ಬಂದಾಗ ಹೋಗಿ ನೋಡಿದರೆ, ಮೂಡಣ ಮಗ್ಗುಲಲ್ಲಿ ಹತ್ತಿಬೀಜ ತುಂಬುವ ಶೆಡ್ಡಿಗೆಂದು ಆ ಹದಿನೈದು ಅಡಿಯೊಳಗೇ ಪಾಯ ಎದ್ದಿತ್ತು. ಇನ್‌ಸ್ಪೆಕ್ಟರು ಬಿಡುವುದಿಲ್ಲ ಎಂದೆ. ಜಯದೇವಪ್ಪನವರು ಮೀಸೆಯ ಮೇಲೆ ಕೂತ ಸುಣ್ಣದ ಧೂಳು ಒರೆಸಿಕೊಂಡು ಆಚೆ ಹೋದರು.

ಅವರ ಹೆಂಡತಿ ತೀರ್ಥಮ್ಮ ನನಗೆ ಅಕ್ಕನಾಗಿದ್ದು ಆ ದಿನಗಳಲ್ಲಿ. ಕೆಲಸದವರಿಗೆ ರೊಟ್ಟಿ ಬುತ್ತಿ ಹೊತ್ತು ತಾವೇ ಬರುತ್ತಿದ್ದರು. ಬುತ್ತಿ ಇಳಿಸಿದ ಕೂಡಲೆ, "ಎಲ್ಲಿ, ಆ ಕಂಡಕ್ಟ್ರನ್ ಕರಿ. ಅಮಲ್ದಾರ್ರನ್ ಕೆಮ್ಸು," ಎನ್ನುತ್ತಿದ್ದರು. ಸೆರಗನ್ನು ಬಾಯಿಗೊತ್ತಿಕೊಂಡು ನಗುವ ಹೆಂಗಸಲ್ಲ; ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿಕೊಂಡು ನಗುವವರು. ಗಾರೆಯವರು ಕರಣೆ ಕೆಳಗಿಟ್ಟು ನೋಡುವಂಥ ನಗು.

"ಅಲ್ಲಕ್ಕ, ಯಜಮಾನ್ರು ಒಂದ್ಸಲಾನೂ ನಗಲ್ವಲ್ಲ," ಎಂದು ಕೇಳಿದ್ದೆ.

"ನಗ್ತಾರೆ ಕಣಪ್ಪ. ಅವ್ರಿಗೆ ನಗು ತಡವಾಗ್ ಮುಟ್ಟತ್ತೆ. ನಮ್ ಮದ್ವೇಲಿ ನಮ್ಮಣ್ಣ ಮಾಡಿದ್ ತಮಾಷೆಗೆ ಮಲ್ಲಿಕಾಂಬ ಹುಟ್ಟಿದ್ಮೇಲೆ ನಕ್ರು. ರಾತ್ರಿ ಮಲಗಿದ್ದೋರು ಎದ್ದು ಕೂತು. ನಾನು ಏನೋ ಆಯ್ತು ಅಂತ ದೀಪ ಹಚ್ಚಿದ್ದೆ."

ಮಲ್ಲಿಕಾಂಬ ಅವರ ಒಬ್ಬಳೇ ಮಗಳು, ಹಿರೇನಲ್ಲೂರಿಗೆ ಕೊಟ್ಟಿದ್ದರು.

ಶೆಡ್ಡಿನ ಪಾಯ ತೋರಿಸಿ ನಾನು ತಲೆ ಚಚ್ಚಿಕೊಂಡಾಗ ಉಪಾಯ ಹೇಳಿದ್ದೂ ತೀರ್ಥಕ್ಕನೇ. "ನೀನ್ ಹೇಳಿದ್ರೆ ಕೇಳಲ್ಲ. ಆ ಕೊಡೆ ಇನ್‌ಸ್ಪೆಕ್ಟ್ರು ಹೇಳಿದ್ರೆ ಕೇಳ್ತಾರೆ. ಅವ್ರ್ ಬರೋದ್ಯಾಕೆ, ನೀನಿಲ್ವಾ? ಆ ಜಾಗ ಖಾಲಿಯಾದ್ರೆ ನಂಗಿರ್ಲಿ. ಕನಕಾಂಬರ ಹಾಕ್ತೀನಿ. ಗಿಡ ಕಟ್ಟಡ ಅಲ್ವಲ್ಲ?"

"ಕನಕಾಂಬರದ ಮೇಲೆ ಲಾರಿ ಹೋಗ್ಬೋದು ಅಕ್ಕ, ನಿಯಮದ ತಂಟೆಯಿಲ್ಲ."

ಮರುದಿನ ಜಯದೇವಪ್ಪನವರು ಆ ಪಾಯದ ಮೇಲೆ ನಿಂತು ನೂಲು ಹಿಡಿಸುತ್ತಿದ್ದರು. ನಾನು ಕಟ್ಟಡದ ಒಳಗೆ, ಕಿಟಕಿಯ ಬದಿಗೆ ಸರಿದು ನಿಂತು ಗಂಟಲು ಸರಿಮಾಡಿಕೊಂಡೆ.

"ಏನು ಸ್ವಾಮೀ, ಜಯದೇವಪ್ಪನವರೇ. ಬೆಂಕಿ ಬಿದ್ದರೆ ನಾನು ಲಾರಿಯನ್ನ ನಿಮ್ಮ ಹೆಗಲ ಮೇಲೆ ಓಡಿಸಲಾ ಸ್ವಾಮೀ?"

ಹೆಗಲ ಮೇಲಿನ ಟವಲು ಕಂಕುಳಿಗೆ ಇಳಿಯಿತು. ಕಾಲಿನ ಮೆಟ್ಟು ಕಳಚಿತು. ಆ ದಪ್ಪ ಮೀಸೆಯ ಮನುಷ್ಯ ಇಟ್ಟಿಗೆ ಗೋಡೆಗೆ ಕೈ ಜೋಡಿಸಿ, "ತಪ್ಪಾಯ್ತು ಸ್ವಾಮಿ. ಹುಡುಗ್ರು ತಿಳೀದೆ ಕಟ್ಬುಟ್ಟವ್ರೆ. ಈಗ್ಲೇ ಕೀಳಿಸ್ತೀನಿ," ಎಂದರು. ಕೀಳಿಸಿದ್ದೇನು, ಹಾರೆ ಕಿತ್ತುಕೊಂಡು ಮೊದಲ ಕಲ್ಲನ್ನು ತಾವೇ ಎಬ್ಬಿದರು. ಕೊನೆಯ ಕಲ್ಲು ಎದ್ದಾಗ ತೀರ್ಥಕ್ಕನಿಗೆ ತಡೆಯಲಾಗಲಿಲ್ಲ. ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟರು, ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. ಗಾರೆಯವರು ನಕ್ಕರು. ಕಿಟಕಿಯಲ್ಲಿ ನನ್ನ ಮುಖ ಕಂಡು ಜಯದೇವಪ್ಪನವರು ಮಾತ್ರ ನಗಲಿಲ್ಲ. ಮೆಟ್ಟು ಹಾಕಿಕೊಂಡರು.

"ಗೋಡೆಗ್ ಕೈ ಮುಗಿಸ್ದಲ್ಲ," ಎಂದಷ್ಟೇ ಅಂದರು.

ಆಮೇಲೆ ಎರಡು ತಿಂಗಳು ನನ್ನೊಡನೆ ಮಾತಿಲ್ಲ. ಆದರೆ ಕಿತ್ತ ಕಲ್ಲನ್ನು ಮತ್ತೆ ಇಡಿಸಲಿಲ್ಲ. ಮೂಡಣ ಮಗ್ಗುಲು ಖಾಲಿಯಾಗಿಯೇ ಉಳಿಯಿತು, ತೀರ್ಥಕ್ಕ ಕನಕಾಂಬರದ ಪಾತಿ ಮಾಡಿದರು.

ಆಷಾಢದಲ್ಲಿ ಅವರಿಗೆ ಜ್ವರ ಬಂತು. ಮಿಲ್ಲಿಗೆ ಶೀಟು ಹೊದಿಸುವ ಗಡಿಬಿಡಿ. ಜ್ವರ ತಾನೇ ಎಂದುಕೊಂಡರು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಯಾರೋ ಸೊಪ್ಪಿನ ರಸ ಕೊಟ್ಟರು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅಕ್ಕನಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ನಾನು ಮಂಚದ ಪಕ್ಕ ನಿಂತು ತರೀಕೆರೆ ಕಂಡಕ್ಟರನ ಹಾಗೆ, "ಯಾರ್ರೀ ಅಜ್ಜಂಪುರ, ಇಳೀರಿ," ಎಂದೆ. ತುಟಿ ಅಲುಗಿದ ಹಾಗಾಯಿತು. ಅಲುಗಲಿಲ್ಲವೋ ಏನೋ. ಎರಡನೆಯ ದಿನ ಅವರನ್ನು ಬಾಡಿಗೆ ಕಾರಿನಲ್ಲಿ ಊರಿಗೆ ತಂದೆವು.

ಜಯದೇವಪ್ಪನವರ ಮನೆಯವರು ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿಯವರು. ಮಣ್ಣಿಗಿಡುವುದು ತಮ್ಮ ಹೊಲದಲ್ಲಿ, ವರ್ಷ ತುಂಬುವುದರೊಳಗೆ ಅದರ ಮೇಲೆ ಗದ್ದುಗೆ, ಅಂದರೆ ಕಲ್ಲಿನ ಕಟ್ಟೆ. ತಮ್ಮ ಸೋಮಶೇಖರಪ್ಪ, "ನಮ್ ಹೊಲದಲ್ಲಿ ಕುಣಿ ತೆಗೆಸ್ತೀನಿ ಅಣ್ಣ," ಎಂದು ಹೊರಟಿದ್ದರು.

"ಬೇಡ," ಎಂದರು ಜಯದೇವಪ್ಪ. "ಅವ್ವನ್ನ ಎಲ್ ಇಟ್ವಿ, ತೋರ್ಸು."

ಅವರ ತಾಯಿಯನ್ನು ಇಟ್ಟಿದ್ದ ಹೊಲ ಪಾಲಿನಲ್ಲಿ ದಾಯಾದಿಗಳಿಗೆ ಹೋಗಿ, ಅಲ್ಲಿಂದ ಯಾರಿಗೋ ಮಾರಾಟವಾಗಿ, ಕೊಂಡವನು ಟ್ರ್ಯಾಕ್ಟರು ತಂದು ನೆಲ ಒಂದು ಮಾಡಿದ್ದ. ವರ್ಷವರ್ಷವೂ ಅವ್ವ ತೀರಿಕೊಂಡ ದಿನ ಜಯದೇವಪ್ಪನವರು ಆ ಹೊಲದ ಬದುವಿನ ಮೇಲೆ ನಿಂತು, ಯಾವ ಕಡೆಗೆ ಎಂದು ತಿಳಿಯದೆ, ಇಡೀ ಜೋಳದ ಬೆಳೆಗೆ ಕೈ ಮುಗಿದು ಬರುತ್ತಿದ್ದರು.

"ಹೊಲ ಅಂದ್ಮೇಲೆ ಪಾಲಾಗತ್ತೆ. ಪಾಲಾದ್ಮೇಲೆ ಮಾರ್ತಾರೆ. ಮಾರಿದ್ಮೇಲೆ ಉಳ್ತಾರೆ," ಎಂದರು. "ಮಿಲ್ ಮಗ್ಗುಲಲ್ಲಿ ತೆಗೆಸು. ಅವಳ ಕನಕಾಂಬರದ ಪಾತೀಲಿ."

ಅಯ್ನೋರು ಬಂದರು. ಅಕ್ಕನ ಎಡಗೈಯಲ್ಲಿ ಲಿಂಗ, ಹಣೆಗೆ ವಿಭೂತಿ. ಮಲ್ಲಿಕಾಂಬ ಬಿಲ್ವಪತ್ರೆ ಹಾಕುವಾಗ ಅರ್ಧ ಎಲೆಗಳು ನನ್ನ ಕಾಲ ಮೇಲೆ ಬಿದ್ದವು. ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ ಹೆಂಗಸಿನ ತಲೆ ಮುಂದಕ್ಕೆ ಬಾಗಿತ್ತು. ಮಣ್ಣು ಮುಚ್ಚುವಾಗ ಜಯದೇವಪ್ಪನವರು ಅಳಲಿಲ್ಲ. ಅವರಿಗೆ ಎಲ್ಲವೂ ತಡವಾಗಿ ಮುಟ್ಟುತ್ತದೆ ಎಂದು ಹೇಳುತ್ತಿದ್ದವರು ಮಣ್ಣಿನ ಕೆಳಗಿದ್ದರು.

ಮಿಲ್ಲು ಮುಗಿಯಿತು. ಕಾರ್ತೀಕಕ್ಕೆ ಹತ್ತಿ ಬಿಡಿಸುವ ಕಾಲ. ಇನ್‌ಸ್ಪೆಕ್ಟರು ಬಂದು ನೋಡಿ ಒಪ್ಪಿದರೆ ಲೈಸೆನ್ಸು, ಲೈಸೆನ್ಸಾದರೆ ಮಿಷನ್ನು ತಿರುಗುತ್ತದೆ. ನಾನು ಹೋದಾಗ ಮೂಡಣ ಮಗ್ಗುಲಲ್ಲಿ ಗದ್ದುಗೆಗೆಂದು ಕೆತ್ತಿಸಿ ತಂದ ಕಲ್ಲು ಒಟ್ಟಿತ್ತು. ಜಯದೇವಪ್ಪನವರ ಕೈಯಲ್ಲಿ ಅಳತೆಯ ನೂಲು.

ಹೇಳದೆ ವಿಧಿಯಿರಲಿಲ್ಲ. "ಯಜಮಾನ್ರೇ, ಅಲ್ಲಿ ಏನೂ ಕಟ್ಟಂಗಿಲ್ಲ. ಕೃಷ್ಣಸ್ವಾಮಿಯವರು ಆಕ್ಷೇಪಣೆ ಬರೆದ್ರೆ ಎರಡ್ರಲ್ಲಿ ಒಂದು. ಮಿಲ್ಲು ನಿಲ್ಲತ್ತೆ, ಇಲ್ಲಾ ಅಕ್ಕನ್ನ ಎಬ್ಬಿಸ್ಬೇಕಾಗತ್ತೆ."

ಸೋಮಶೇಖರಪ್ಪ ದಾರಿ ಹುಡುಕಿದರು. "ಅವ್ರ್ ಬಂದ್ ಹೋಗೋಗಂಟ ಒಂದಷ್ಟು ಹತ್ತಿಕಡ್ಡಿ ಮೇಲ್ ಹಾಕ್ ಮುಚ್ಬುಡಾಣ ಅಣ್ಣ."

"ಅವಳ ಮೇಲೆ ಕಡ್ಡಿ ಒಟ್ಲಾ," ಎಂದರು ಜಯದೇವಪ್ಪ. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವವರ ಹಾಗೆ. ತಮ್ಮ ಅಲ್ಲಿ ನಿಲ್ಲದೆ ಹೊರಟುಹೋದರು.

ಇನ್‌ಸ್ಪೆಕ್ಟರು ಬರಬೇಕಾಗಿದ್ದದ್ದು ಮರುದಿನ. ನಾನು ಕಡೆಯ ಸಲ ಅಳತೆ ತಾಳೆ ನೋಡಲು ಕಟ್ಟಡದೊಳಗೆ ಏಣಿ ಹಾಕಿ ಮೂಡಣ ಗೋಡೆಯ ವೆಂಟಿಲೇಟರಿನ ತನಕ ಹತ್ತಿದ್ದೆ. ಅಲ್ಲಿಂದ ಕೆಳಗೆ ಜಯದೇವಪ್ಪನವರು ಕಾಣುತ್ತಿದ್ದರು. ಕನಕಾಂಬರದ ಗಿಡಗಳಿಗೆ ನೀರು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತಿದ್ದರು. ಆಗಲೇ ಗೋಡೆಯ ಮೂಲೆಯಾಚೆ ಒಂದು ಕೊಡೆ ಕಾಣಿಸಿತು. ತರೀಕೆರೆಯ ಕೆಲಸ ಬೇಗ ಮುಗಿದಿದ್ದರಿಂದ ಕೃಷ್ಣಸ್ವಾಮಿಯವರು ಒಂದು ದಿನ ಮುಂಚೆಯೇ ಬಸ್ಸು ಹತ್ತಿ ಬಂದಿದ್ದರು. ಮೂಲೆಯ ಈಚೆಗೆ ಜಯದೇವಪ್ಪ, ಆಚೆಗೆ ಇನ್‌ಸ್ಪೆಕ್ಟರು. ಒಬ್ಬರಿಗೊಬ್ಬರು ಕಾಣರು. ಇಬ್ಬರೂ ನನಗೆ ಕಾಣುತ್ತಾರೆ. ಇನ್‌ಸ್ಪೆಕ್ಟರ ಕಣ್ಣಿಗೆ ಮೊದಲು ಬಿದ್ದದ್ದು ಕಲ್ಲಿನ ರಾಶಿ.

"ಯಾರಿದೀರಿ ಸ್ವಾಮೀ ಅಲ್ಲಿ? ಖಾಲಿ ಬಿಡೋ ಜಾಗದಲ್ಲಿ ಕಲ್ಲು ಯಾಕೆ ಒಟ್ಟಿದೀರಿ ಸ್ವಾಮೀ?"

ಜಯದೇವಪ್ಪನವರು ತಿರುಗಲಿಲ್ಲ. ಮೆಟ್ಟು ಕಳಚಲಿಲ್ಲ.

"ಇವತ್ತೂ ಶುರು ಹಚ್ಕೊಂಡ್ಯಾ ಇಂಜಿನಿಯರಪ್ಪ," ಎಂದರು ಮೆಲ್ಲಗೆ. "ಯಾರ್ನ್ ನಗ್ಸೋಕಪ್ಪ? ನಗೋಳು ಮಣ್ಣೊಳಗವ್ಳೆ."

ಕೊಡೆ ನಿಂತಲ್ಲೇ ನಿಂತಿತು. "ಯಾರು ಸ್ವಾಮೀ, ಮಣ್ಣೊಳಗೆ?"

ನಾನು ಕೂಗಬೇಕಿತ್ತು. ಎಲ್ಲರ ದನಿಯೂ ಬರುತ್ತಿದ್ದ ಗಂಟಲಿಗೆ ಆ ಹೊತ್ತಿನಲ್ಲಿ ನನ್ನ ದನಿಯೇ ಬರಲಿಲ್ಲ.

"ಸಾಕು ಬಿಡು. ಗಂಟ್ಲು ಅವಂದೇ ಅನ್ನಂಗಿದೆ, ಒಪ್ಕಂಡೆ. ಅದೇ ಗಂಟ್ಲಲ್ಲಿ ನಾಳೆ ಅವನಿಗೇ ಹೇಳು. ಗಾಳಿ ಎಲ್ಲಿಂದ ಬರತ್ತೆ ಅಂದ, ಕಿಟಕಿ ಬಿಟ್ಟೆ. ಬೆಳಕೆಲ್ಲಿಂದ ಬರತ್ತೆ ಅಂದ, ಮಾಡಿಗ್ ಗಾಜ್ ಹಾಕ್ಸ್ದೆ. ಆಪತ್ ಬಂದ್ರೆ ಜನ ಎಲ್ಲಿಗ್ ಹೋಗ್ತಾರೆ ಅಂತಾನಲ್ಲ, ಇಲ್ಲಿಗ್ ಬತ್ತಾರೆ ಅಂತ ಹೇಳು. ನಮ್ಮೋಳು ಬಂದವ್ಳೆ ಅಂತ ಹೇಳು."

ಮಾತು ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ನಾಲ್ಕು ತಿಂಗಳ ಮಾತು ಅದು.

"ನಮ್ಮವ್ವನ ಮೇಲೆ ಟ್ಯಾಕ್ಟ್ರು ಹೋಯ್ತು ಕಣಪ್ಪ. ಯಾವ್ ಮಣ್ಣಿಗ್ ಕೈ ಮುಗೀಬೇಕೋ ಇವತ್ತಿಗೂ ತಿಳೀದು. ಇವಳಿಗೆ ಹಂಗಾಗ್ಬಾರ್ದು ಅಂತ ಊರೆಲ್ಲ ಯೋಚ್ನೆ ಮಾಡ್ದೆ. ಹೊಲ ಉಳ್ತಾರೆ, ಸೈಟ್‌ನಲ್ಲಿ ಮನೆ ಕಟ್ತಾರೆ, ತ್ವಾಟ ಮಾರ್ತಾರೆ. ಎಂದೆಂದಿಗೂ ಯಾರೂ ಏನೂ ಕಟ್ಟಂಗಿಲ್ಲ ಅಂತ ಸರ್ಕಾರದೋರೇ ರುಜು ಹಾಕ್ ಕೊಟ್ಟಿರೋ ಜಾಗ ಈ ಭೂಮಿ ಮೇಲೆ ಇದೊಂದೇ. ನಿನ್ ಕೃಷ್ಣಸ್ವಾಮಿ ಕೊಟ್ಟಿದ್ದು. ಅವನೇ ಬಂದು ಎಬ್ಸು ಅಂದ್ರೆ ನಾನ್ ಇವಳನ್ನ ಎತ್ಲಾಗ್ ಕರ್ಕಂಡ್ ಹೋಗ್ಲಿ?"

ಆಚೆಯಿಂದ ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲವೆಂದೇ ಜಯದೇವಪ್ಪನವರು ತಲೆಯೆತ್ತಿದರು. ವೆಂಟಿಲೇಟರಿನಲ್ಲಿ ನನ್ನ ಮುಖ. ಮೂಲೆಯ ಕಡೆ ನೋಡಿದರು. ಮತ್ತೆ ನನ್ನ ಕಡೆ.

"ನೀನ್ ಅಲ್ಲಿದ್ರೆ, ಇಲ್ ಮಾತಾಡಿದ್ದು ಯಾರು?"

ಮೂಲೆ ಸುತ್ತಿ ಕೃಷ್ಣಸ್ವಾಮಿಯವರು ಬಂದರು. ಕೊಡೆ ಮಡಚಿ ಕಂಕುಳಿಗೆ ಸಿಕ್ಕಿಸಿದ್ದರು. ಈ ಸಲ ಮೆಟ್ಟು ಕಳಚಿದ್ದು ಅವರು. ನಾನು ಏಣಿಯಿಂದ ಇಳಿದು ಓಡಿ ಹೊರಗೆ ಬರುವ ಹೊತ್ತಿಗೆ ಇಬ್ಬರೂ ಆ ಮಣ್ಣಿನ ದಿಬ್ಬದ ಎರಡು ಬದಿಗೆ ನಿಂತಿದ್ದರು. ಜಯದೇವಪ್ಪನವರು ಅವನು, ಇವನು ಎಂದದ್ದೆಲ್ಲ ಗಾಳಿಯಲ್ಲಿ ಹಾಗೇ ನಿಂತಿತ್ತು.

"ತಮ್ಮ ಮನೆಯವರಾ," ಎಂದರು ಇನ್‌ಸ್ಪೆಕ್ಟರು. ಆ ಮಾತಿಗೆ ಅವರು 'ಸ್ವಾಮೀ' ಸೇರಿಸಲಿಲ್ಲ.

ಜಯದೇವಪ್ಪ ತಲೆಯಾಡಿಸಿದರು.

ಕೃಷ್ಣಸ್ವಾಮಿಯವರು ದಿಬ್ಬ ನೋಡಿದರು, ಕಲ್ಲು ನೋಡಿದರು, ಗೋಡೆಯಿಂದ ಬೇಲಿಯವರೆಗೆ ನೋಡಿದರು. "ಗದ್ದುಗೆ ಕಟ್ಟೋಕೆ ನಾನು ಬಿಡೋ ಹಾಗಿಲ್ಲ," ಎಂದರು ಕೊನೆಗೆ. "ನೆಲದ ಮೇಲೆ ಒಂದು ಕಲ್ಲು ಎದ್ದರೂ ಅದು ಕಟ್ಟಡ. ನಾಳೆ ಇದಕ್ಕೆ ಬಿಟ್ಟರೆ ನಾಡಿದ್ದು ಬೀಜದ ಶೆಡ್ಡಿಗೂ ಬಿಡಬೇಕಾಗತ್ತೆ. ನೆಲಕ್ಕೆ ಸಮ ಮಾಡಿಸಿ. ನೆಲದೊಳಗೆ ಏನಿದೆ ಅಂತ ನಮ್ಮ ನಿಯಮ ಕೇಳಲ್ಲ, ನಾನೂ ಕೇಳಲ್ಲ. ಆದರೆ ಒಂದು ಮಾತು ನೀವು ತಿಳಿದಿರಬೇಕು. ಬೆಂಕಿ ಬಿದ್ದ ದಿನ ಲಾರಿ ಇದರ ಮೇಲೇ ಹೋಗತ್ತೆ."

ಇದು ಕಷ್ಟದ ಮಾತು. ಅವ್ವನ ಮೇಲೆ ಟ್ರ್ಯಾಕ್ಟರು ಹೋದ ಮನುಷ್ಯನಿಗೆ ಹೇಳಿದ ಮಾತು. ಜಯದೇವಪ್ಪನವರು ಕೆತ್ತಿಸಿ ತಂದಿದ್ದ ಕಲ್ಲಿನ ಮೇಲೆ ಕೈಯಿಟ್ಟರು. ಅದರ ಅಂಚಿಗೆ ಬಳ್ಳಿ ಕೆತ್ತಿಸಿದ್ದರು. ಬೆರಳು ಆ ಬಳ್ಳಿಯ ಗುಂಟ ಹೋಗಿ ಕೊನೆಯಲ್ಲಿ ನಿಂತಿತು.

"ಬೆಂಕಿ ಬಿದ್ ದಿನ ತಾನೇ," ಎಂದರು. "ಒಳಗಿರೋ ಹೆಣ್ಮಕ್ಕಳಿಗೆ ಅಂದ್ರೆ ಅವಳು ದಾರಿ ಬಿಡ್ತಾಳೆ. ಮಿಕ್ಕಿದ್ ದಿನ ಯಾರೂ ತುಳಿಯಲ್ವಲ್ಲ?"

"ಮಿಕ್ಕ ದಿನ ಯಾರೂ ತುಳಿಯೋ ಹಾಗಿಲ್ಲ. ಒಂದು ಚೀಲ ಕೂಡ ಇಡೋ ಹಾಗಿಲ್ಲ. ಬರೆದು ಕೊಡ್ತೀನಿ."

"ಕನಕಾಂಬ್ರ?"

"ಕನಕಾಂಬರ ಇರಲಿ."

ಅಲ್ಲಿಗೆ ಕೆಲಸದ ಮಾತು ಮುಗಿಯಿತು. ಯಾರಿಗೂ ಹೊರಡುವುದು ಹೇಗೆಂದು ತಿಳಿಯಲಿಲ್ಲ. ಕೃಷ್ಣಸ್ವಾಮಿಯವರು ನನ್ನ ಕಡೆ ತಿರುಗಿದರು.

"ನನ್ನ ಹಾಗೆ ಮಾತಾಡ್ತೀರಂತಲ್ಲ. ಎಲ್ಲಿ, ಮಾಡಿ ನೋಡೋಣ."

ಬೇಡ ಸರ್ ಎಂದೆ. ಬಿಡಲಿಲ್ಲ. ನಿಯಮದಲ್ಲಿ ಒಂದು ಇಂಚೂ ಬಿಡದವರು. ನಾನು ಕನಕಾಂಬರದ ಕಡೆ ನೋಡಿಕೊಂಡು, ಅಲ್ಲಿ ಒಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು, ಅವರ ದನಿಯ ಮೆಟ್ಟಿಲು ಇಳಿಯತೊಡಗಿದೆ. "ಗಾಳಿ ಎಲ್ಲಿಂದ ಬರತ್ತೆ ಸ್ವಾಮೀ? ಬೆಳಕು ಎಲ್ಲಿಂದ ಬರತ್ತೆ ಸ್ವಾಮೀ?" ಮೂರನೆಯದು ನನ್ನಿಂದಾಗಲಿಲ್ಲ.

ಕೃಷ್ಣಸ್ವಾಮಿಯವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಆಮೇಲೆ ಬಾವಿಯ ತಳದಿಂದ ಕೇಳಿದರು:

"ನಾನು ಹೀಗೆ ಮಾತಾಡ್ತೀನಾ ಸ್ವಾಮೀ?"

ಮೊದಲು ನಕ್ಕದ್ದು ನಾನು, ತಡೆಯಲಾಗದೆ. ಆಮೇಲೆ ಅವರು, ಕೊಡೆಯನ್ನು ಬಾಯಿಗೆ ಅಡ್ಡ ಹಿಡಿದು. ಜಯದೇವಪ್ಪನವರು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದರು. ಆಮೇಲೆ ಗೋಡೆ ನೋಡಿದರು.

"ಇದೇ ಗೋಡೆಗಲ್ವೇನೋ ನಾನ್ ಕೈ ಮುಗಿದಿದ್ದು," ಎಂದರು. "ಮೆಟ್ ಬೇರೆ ಬಿಟ್ಟಿದ್ದೆ. ಗೋಡೆಗೆ ತಪ್ಪಾಯ್ತು ಅಂದೆ, ಸಾಹೇಬ್ರಿಗೆ ಅವನು ಅಂದೆ." ಮೀಸೆ ಅಲುಗಿತು. ಹಣೆಯ ವಿಭೂತಿ ಬಿರುಕು ಬಿಟ್ಟಿತು. ನಗು ಬಂತು, ಮಾಘದಲ್ಲಿ ಬರಬೇಕಾಗಿದ್ದ ನಗು. ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿಕೊಂಡು, ಥೇಟ್ ಅಕ್ಕನ ಹಾಗೆ. ಕಣ್ಣಿನ ನೀರು ಮೀಸೆಗಿಳಿದು ಮಣ್ಣಿಗೆ ಬಿತ್ತು. ನಾನೂ ಇನ್‌ಸ್ಪೆಕ್ಟರೂ ನಗುವುದನ್ನು ನಿಲ್ಲಿಸಿದೆವು. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡಿದರು. ಜಯದೇವಪ್ಪನವರು ಮಾತ್ರ ನಿಲ್ಲಿಸಲಿಲ್ಲ. ಖಾಲಿ ಬಿಟ್ಟ ಆ ಹದಿನೈದು ಅಡಿಯ ತುಂಬ ಆ ನಗು ಗೋಡೆಗೆ ಹೊಡೆದು ತಿರುಗಿ ಬರುತ್ತಲೇ ಇತ್ತು.